ಹೊಸ ಡೆಸ್ಕ್‌ಟಾಪ್‌ಗೆ ಸೀರಿಯಲ್ ಪೋರ್ಟ್ ಕಾರ್ಡ್ ಹಾಕಬೇಕು: ಕಾಟಾದ ತೂಕ ಪರದೆಗೆ ಬರುತ್ತಿಲ್ಲ

ಘಟಪ್ರಭಾ ದಂಡೆ, ಮುಧೋಳ

ಊರ ಹೊರಗೆ ರಸ್ತೆಗೆ ಹೊಂದಿಕೊಂಡು ನಮ್ಮದೊಂದು ತೂಕದ ಕಾಟಾ ಇದೆ. ಕಬ್ಬಿನ ಹಂಗಾಮು ಶುರುವಾದರೆ ರಾತ್ರಿ ಎರಡು ಗಂಟೆಗೂ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿರುತ್ತವೆ. ತೂಕದ ಅಂಕಿ ತೋರಿಸುವ ಪೆಟ್ಟಿಗೆಯಾದ ಇಂಡಿಕೇಟರ್‌ನಿಂದ ಒಂದು ಸೀರಿಯಲ್ ಕೇಬಲ್ ಕಂಪ್ಯೂಟರ್‌ಗೆ ಬರುತ್ತದೆ. ತೂಕ ತಾನಾಗಿ ಪರದೆಯ ಮೇಲೆ ಮೂಡುತ್ತದೆ, ಗುಂಡಿ ಒತ್ತಿದರೆ ಚೀಟಿ ಬರುತ್ತದೆ. ಹದಿನೈದು ದಿನಗಳ ಹಿಂದೆ ಹಿಂಗಾರಿ ಮಳೆಯಲ್ಲಿ ಹತ್ತಿರದಲ್ಲೇ ಎಲ್ಲೋ ಸಿಡಿಲು ಬಡಿಯಿತು. ಮರುದಿನದಿಂದ ಕಂಪ್ಯೂಟರ್‌ಗೆ ತೂಕ ಬರುವುದು ನಿಂತಿತು. ಕಂಪ್ಯೂಟರ್ ಚಾಲೂ ಆಗುತ್ತದೆ, ಮುದ್ರಣವೂ ಆಗುತ್ತದೆ, ತೂಕ ಮಾತ್ರ ಇಲ್ಲ.

ಅಪ್ಪ ಸಿಟ್ಟಿನಲ್ಲಿ ಹೊಸ ಡೆಸ್ಕ್‌ಟಾಪ್ ತಂದರು. ತೆಳ್ಳನೆಯದು, ನಿಲ್ಲಿಸಿದರೆ ಖಾತೆ ಪುಸ್ತಕದಷ್ಟು ದಪ್ಪ. ಮನೆಗೆ ತಂದು ಹಿಂದೆ ತಿರುಗಿಸಿ ನೋಡಿದರೆ ಆ ಕೇಬಲ್ ಚುಚ್ಚುವ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟೇ ಇಲ್ಲ! ಯುಎಸ್‌ಬಿ ಪರಿವರ್ತಕ ಹಾಕಿದೆವು. ಅರ್ಧ ಗಂಟೆ ನಡೆಯುತ್ತದೆ, ನಿಲ್ಲುತ್ತದೆ. ಕಿತ್ತು ಹಾಕಿದರೆ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ತೂಕವನ್ನು ಕೈಯಿಂದ ಟೈಪ್ ಮಾಡಿ ಚೀಟಿ ಕೊಟ್ಟರೆ ರೈತರು ಒಪ್ಪುವುದಿಲ್ಲ, ಒಪ್ಪಲೂಬಾರದು.

ಒಳಗೆ ಕಾರ್ಡ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ನಾನು ಓದಿದ್ದು ಬಿ.ಕಾಂ., ಕ್ಯಾಬಿನೆಟ್ ಎಂದೂ ಬಿಚ್ಚಿದವನಲ್ಲ. ಯಾವ ಕಾರ್ಡ್, ಎಲ್ಲಿ ಕೂರಿಸಬೇಕು, ಕೈ ತಾಗಿದರೆ ಏನಾದರೂ ಸುಟ್ಟುಹೋಗುತ್ತದೆಯೇ? ಬರಿಗಾಲಿನಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಅದು ಹಳೆಯ ಕಂಪ್ಯೂಟರ್‌ನಲ್ಲಿಯೂ ಇತ್ತು, ಅದರ ಬಗ್ಗೆ ಅಲ್ಲ ನನ್ನ ಪ್ರಶ್ನೆ.

ಟಿಳಕವಾಡಿ ತರಲೆ, ಬೆಳಗಾವಿ

ಕಾರ್ಡ್ ಯಾಕೆ ಅಣ್ಣಾ? ಒಳ್ಳೆಯ ಚಿಪ್ ಇರುವ ಪರಿವರ್ತಕ ತೆಗೆದುಕೊಳ್ಳಿ, ಸಾಕು. ಸೀರಿಯಲ್ ಪೋರ್ಟ್ ಎಂಬುದೇ ಅಜ್ಜನ ಕಾಲದ್ದು. ಕ್ಯಾಬಿನೆಟ್ ಬಿಚ್ಚಿ ವಾರಂಟಿ ಕಳೆದುಕೊಳ್ಳಬೇಡಿ.

ಹಳೇ ಮದರ್‌ಬೋರ್ಡ್, ವಿಜಯಪುರ

ತಮ್ಮಾ ಟಿಳಕವಾಡಿ, ಅಜ್ಜನ ಕಾಲದ್ದು ಹೌದು. ಆದರೆ ಆ ಇಂಡಿಕೇಟರ್ ಮಾತಾಡುವುದೇ ಅಜ್ಜನ ಭಾಷೆ. ಪರಿವರ್ತಕ ನಡುವೆ ನಿಂತ ದುಭಾಷಿ. ಕಚೇರಿಯಲ್ಲಿ ಆಗೊಮ್ಮೆ ಈಗೊಮ್ಮೆ ಬಳಸಿದರೆ ಚೆನ್ನಾಗಿಯೇ ನಡೆಯುತ್ತದೆ. ಕಾಟಾದಲ್ಲಿ ಬೇರೆ ಕಥೆ. ಪಕ್ಕದಲ್ಲೇ ಬೋರ್‌ವೆಲ್ ಸ್ಟಾರ್ಟರ್ ಟಕ್ ಎನ್ನುತ್ತದೆ, ಆ ಕ್ಷಣಕ್ಕೆ ಯುಎಸ್‌ಬಿ ಸಂಪರ್ಕ ತಪ್ಪುತ್ತದೆ. ಮತ್ತೆ ಚುಚ್ಚಿದಾಗ ಬೇರೆ ತೂತಿಗೆ ಹಾಕಿದರೆ ವಿಂಡೋಸ್ ಆ ಪೋರ್ಟಿಗೆ ಕೊಡುವ ಸಂಖ್ಯೆ ಬದಲಾಗಿ ಕಾಮ್ 3 ಇದ್ದದ್ದು ಕಾಮ್ 8 ಆಗುತ್ತದೆ. ತಂತ್ರಾಂಶ ಇನ್ನೂ 3ರ ಬಾಗಿಲಲ್ಲಿ ಕಾಯುತ್ತಾ ಕುಳಿತಿರುತ್ತದೆ. ಇವರ “ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ” ಎಂಬುದಕ್ಕೆ ಇದೇ ಕಾರಣ ಇರಬೇಕು.

ಕಾರ್ಡ್ ಹಾಕುವುದು ಹೆದರುವ ಕೆಲಸವಲ್ಲ. ಬೇಕಾದದ್ದು ಪಿಸಿಐ ಎಕ್ಸ್‌ಪ್ರೆಸ್ ಸೀರಿಯಲ್ ಕಾರ್ಡ್, ಎಕ್ಸ್-1 ಎಂಬ ಗಿಡ್ಡ ಅಳತೆಯದು. ಅಂಗಡಿಯಲ್ಲಿ “ಎಕ್ಸ್‌ಪ್ರೆಸ್” ಎಂಬ ಪದವನ್ನು ಒತ್ತಿ ಹೇಳಿ. ಬರೀ ಪಿಸಿಐ ಎಂದರೆ 1992ರ ಹಳೆಯ ಬಿಳಿ ಸ್ಲಾಟಿನದು. ಎಕ್ಸ್‌ಪ್ರೆಸ್ ಬಂದದ್ದು 2003ರಲ್ಲಿ. ಹೆಸರು ಒಂದೇ ಮನೆತನದ್ದು, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ.

ಟಿಳಕವಾಡಿ ತರಲೆ

ಯುಎಸ್‌ಬಿ ಹಬ್‌ನ ವಿದ್ಯುತ್ ಉಳಿತಾಯದ ಆಯ್ಕೆ ತೆಗೆದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ, ಕಾಕಾ. ಡಿವೈಸ್ ಮ್ಯಾನೇಜರ್‌ನಲ್ಲಿ ಒಂದು ಗುರುತು ತೆಗೆಯುವ ಕೆಲಸ.

ಹಳೇ ಮದರ್‌ಬೋರ್ಡ್

ಒಪ್ಪಿದೆ, ಅರ್ಧ ಮುಗಿಯುತ್ತದೆ. ಉಳಿದರ್ಧಕ್ಕೆ ರಾತ್ರಿ ಎರಡು ಗಂಟೆಗೆ ನೀನು ಬೆಳಗಾವಿಯಿಂದ ಬರುತ್ತೀಯಾ?

ಏಳು ಪ್ರತಿಧ್ವನಿ, ವಿಜಯಪುರ

ಬರುತ್ತೀಯಾ, ಬರುತ್ತೀಯಾ, ಬರುತ್ತೀಯಾ.

ಕಬ್ಬಿನ ಸೂಲಂಗಿ, ಮಹಾಲಿಂಗಪುರ

ನಾನು ಕಬ್ಬು ಬೆಳೆಯುವವನು. ನನ್ನ ಪ್ರಶ್ನೆ ನೇರವಾಗಿಯೇ ಇದೆ. ಕಂಪ್ಯೂಟರ್ ಒಳಗೆ ಯಾವುದೋ ಕಾರ್ಡ್ ಹಾಕಿದ ಮೇಲೆ ನಮ್ಮ ತೂಕ ಸರಿಯಾಗಿರುತ್ತದೆ ಎಂಬುದಕ್ಕೆ ಏನು ಖಾತ್ರಿ? ಒಂದು ಟ್ರಾಲಿಗೆ ಒಂದು ಕ್ವಿಂಟಲ್ ಆಚೀಚೆ ಆದರೆ ಕೇಳುವವರು ಯಾರು?

ಘಟಪ್ರಭಾ ದಂಡೆ

ಕೇಳಬೇಕಾದ ಪ್ರಶ್ನೆಯೇ, ತಪ್ಪಿಲ್ಲ. ಆದರೆ ತೂಕವನ್ನು ಕಂಪ್ಯೂಟರ್ ಅಳೆಯುವುದಿಲ್ಲ. ಕಾಟಾದ ಕೆಳಗಿನ ಲೋಡ್ ಸೆಲ್‌ಗಳಿಂದ ಇಂಡಿಕೇಟರ್‌ಗೆ ಬರುತ್ತದೆ, ಲೆಕ್ಕ ಅಲ್ಲೇ ಮುಗಿಯುತ್ತದೆ. ಇಂಡಿಕೇಟರ್‌ಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆ, ಪ್ರತಿ ವರ್ಷ ಪರಿಶೀಲನೆ ಆಗುತ್ತದೆ. ಹೊರಗಿನ ಗೋಡೆಯ ಮೇಲೆ ದೊಡ್ಡ ಕೆಂಪು ಅಂಕಿಗಳ ಫಲಕ ಹಾಕಿದ್ದೇವೆ, ಟ್ರ್ಯಾಕ್ಟರ್ ಮೇಲೆ ಕುಳಿತೇ ಓದಬಹುದು. ಕಂಪ್ಯೂಟರ್ ಆ ಅಂಕಿಯನ್ನು ಓದಿಕೊಂಡು ಚೀಟಿ ಕೊಡುವ ಗುಮಾಸ್ತ ಮಾತ್ರ.

ಕಬ್ಬಿನ ಸೂಲಂಗಿ

ಗುಮಾಸ್ತರನ್ನೂ ಕಂಡಿದ್ದೇವೆ ಬಿಡಿ. ಆದರೂ ನೀವು ಕೈಯಿಂದ ಟೈಪ್ ಮಾಡುವುದಿಲ್ಲ ಎಂದಿರಲ್ಲ, ಅದು ಮೆಚ್ಚುಗೆಯಾಯಿತು. ಹಂಗಾಮಿಗೆ ಮೊದಲು ಕಾರ್ಡ್ ಹಾಕಿಸಿ.

ಸೆಕ್ಟರ್ ಅಕ್ಕ, ಬಾಗಲಕೋಟೆ ನವನಗರ

ಕಾರ್ಡ್ ಕೊಳ್ಳುವ ಮೊದಲು ಎರಡು ಮಾತು. ನಾನು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಹಾರ್ಡ್‌ವೇರ್ ಪ್ರಯೋಗ ಹೇಳಿಕೊಡುವವಳು.

ಮೊದಲನೆಯದು, ಇಂಡಿಕೇಟರ್‌ನ ಪೋರ್ಟ್ ಬದುಕಿದೆಯೇ ನೋಡಿ. ಪರಿವರ್ತಕದಲ್ಲಿ ಅರ್ಧ ಗಂಟೆಯಾದರೂ ತೂಕ ಬಂದಿದೆ ಎಂದಿರಿ, ಹಾಗಾಗಿ ಬದುಕಿದೆ ಎಂದೇ ಲೆಕ್ಕ. ಆದರೂ ಮಲ್ಟಿಮೀಟರ್ ಇದ್ದರೆ ಇಂಡಿಕೇಟರ್ ಸುಮ್ಮನಿರುವಾಗ ಅದರ ಕಳುಹಿಸುವ ತಂತಿಗೂ ನೆಲದ ತಂತಿಗೂ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಸೀರಿಯಲ್ ಪೋರ್ಟಿನ ಮಾನಕವಾದ ಆರ್‌ಎಸ್-232ರಲ್ಲಿ ಆ ತಂತಿ ಸುಮ್ಮನಿದ್ದಾಗ ಋಣ ವೋಲ್ಟ್‌ನಲ್ಲಿರುತ್ತದೆ. ಮೈನಸ್ ಐದರಿಂದ ಹನ್ನೆರಡರವರೆಗೆ ಏನಾದರೂ ತೋರಿಸಿದರೆ ಸರಿ. ಸೊನ್ನೆ ತೋರಿಸಿದರೆ ಕಂಪ್ಯೂಟರ್ ಬಿಚ್ಚುವ ಅಗತ್ಯವೇ ಇಲ್ಲ, ತೊಂದರೆ ಆಚೆ ಕಡೆ ಇದೆ.

ಎರಡನೆಯದು, ನೀವು “ಅದರ ಬಗ್ಗೆ ಅಲ್ಲ ಪ್ರಶ್ನೆ” ಎಂದು ಪಕ್ಕಕ್ಕೆ ಸರಿಸಿದ ಆ ಜುಮ್ ಎನ್ನುವುದು. ನನಗೆ ಅದರ ಬಗ್ಗೆಯೇ ಪ್ರಶ್ನೆ. ಟೆಸ್ಟರ್ ತೆಗೆದುಕೊಂಡು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹಕ್ಕೆ ಹಿಡಿಯಿರಿ. ದೀಪ ಹೊತ್ತಿಕೊಂಡರೆ ಇಲ್ಲಿ ಬಂದು ಬರೆಯಿರಿ.

ಜಮಖಂಡಿ ಫ್ರೇಮ್

ಕಾರ್ಡ್ ವಿಷಯ ಬಂತಲ್ಲ, ನನ್ನದೂ ಒಂದು. ಕಚೇರಿಯ ಹರಾಜಿನಲ್ಲಿ ತಂದ ತೆಳ್ಳನೆಯ ಡೆಸ್ಕ್‌ಟಾಪ್ ಇದೆ. ಆಟ ಆಡಲು ಗ್ರಾಫಿಕ್ಸ್ ಕಾರ್ಡ್ ಹಾಕಬಹುದೇ? ಒಳಗೆ ವಿದ್ಯುತ್ ಕೊಡುವ ಡಬ್ಬಿ, ಅದೇ ಎಸ್‌ಎಂಪಿಎಸ್, ಅದರ ಮೇಲೆ 240 ವ್ಯಾಟ್ ಎಂದು ಬರೆದಿದೆ.

ಹಳೇ ಮದರ್‌ಬೋರ್ಡ್

ಹೊಸ ವಿಷಯಕ್ಕೆ ಹೊಸ ಚರ್ಚೆ ತೆರೆಯುವ ಪದ್ಧತಿ ಇದೆ, ಹುಡುಗಾ.

ಸೆಕ್ಟರ್ ಅಕ್ಕ

ಇರಲಿ ಬಿಡಿ, ಕಾರ್ಡಿನ ಮಾತೇ ತಾನೆ. ಎಕ್ಸ್-16 ಎಂಬ ಉದ್ದನೆಯ ಸ್ಲಾಟ್ ತಾನಾಗಿ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಅದಕ್ಕೂ ಹೆಚ್ಚು ಬೇಡುವ ಕಾರ್ಡ್‌ಗೆ ಎಸ್‌ಎಂಪಿಎಸ್‌ನಿಂದ ಆರು ಅಥವಾ ಎಂಟು ಪಿನ್ನಿನ ಪ್ರತ್ಯೇಕ ತಂತಿ ಬೇಕು. ನಿನ್ನ ಡಬ್ಬಿಯಲ್ಲಿ ಆ ತಂತಿ ಇರಲಾರದು. ಜಿಟಿ 1030 ಕಾರ್ಡ್ 30 ವ್ಯಾಟ್‌ನಲ್ಲಿ ಮುಗಿಯುತ್ತದೆ, ತೆಳ್ಳನೆಯ ಡಬ್ಬಿಗೆ ಹೊಂದುವ ಗಿಡ್ಡ ಲೋಹದ ಪಟ್ಟಿಯೊಂದಿಗೂ ಸಿಗುತ್ತದೆ. ದೊಡ್ಡ ಆಟಗಳ ಆಸೆ ಬಿಡು. ಹಾಕಿದ ಮೇಲೆ ಮಾನಿಟರ್‌ನ ಕೇಬಲ್ಲನ್ನು ಮದರ್‌ಬೋರ್ಡಿನ ಕಿಂಡಿಯಿಂದ ತೆಗೆದು ಕಾರ್ಡಿನ ಕಿಂಡಿಗೆ ಹಾಕು.

ಜಮಖಂಡಿ ಫ್ರೇಮ್

ಅದು ಗೊತ್ತು ಅಕ್ಕಾ, ಅಷ್ಟೂ ತಿಳಿಯದವನಲ್ಲ.

ಟಿಳಕವಾಡಿ ತರಲೆ

ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಮರೆಯುತ್ತಾರೆ. ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ಕೋಣೆಯವನು ಎರಡು ದಿನ ಪರದೆ ಕಪ್ಪಾಗಿದೆ ಎಂದು ರ‍್ಯಾಮ್ ಬದಲಿಸಿದ, ಬ್ಯಾಟರಿ ತೆಗೆದ, ಕೊನೆಗೆ ಕಾರ್ಡ್ ಹಿಂದಿರುಗಿಸಲು ಹೊರಟ. ಕೇಬಲ್ ಹಳೆಯ ಜಾಗದಲ್ಲೇ ಇತ್ತು.

ಘಟಪ್ರಭಾ ದಂಡೆ

ಸುದ್ದಿ. ಮಲ್ಟಿಮೀಟರ್ ಮೈನಸ್ 7.8 ತೋರಿಸಿತು, ಇಂಡಿಕೇಟರ್ ಬದುಕಿದೆ. ಟೆಸ್ಟರ್ ದೀಪ ಹೊತ್ತಿತು. ಚೆನ್ನಾಗಿಯೇ ಹೊತ್ತಿತು, ಅಕ್ಕಾ.

ಇಲ್ಲಿನ ಅಂಗಡಿಯೊಂದರಲ್ಲಿ ಕಾರ್ಡ್ ಸಿಕ್ಕಿತು, 850 ರೂಪಾಯಿ. “ಎಕ್ಸ್‌ಪ್ರೆಸ್” ಎಂದು ಎರಡು ಸಲ ಹೇಳಿದೆ, ಅವರು ಎರಡು ಸಲ ತಲೆ ಆಡಿಸಿದರು. ಮನೆಗೆ ಬಂದು ಬಿಚ್ಚಿ ನೋಡಿದರೆ ಚಿನ್ನದ ಬಣ್ಣದ ಅಂಚು ಬೆರಳುದ್ದಕ್ಕೂ ಮೀರಿದೆ, ಅದರಲ್ಲಿ ಎರಡು ಕಚ್ಚುಗಳು. ನಮ್ಮ ಬೋರ್ಡಿನಲ್ಲಿ ಒಂದು ಉದ್ದನೆಯ ಸ್ಲಾಟ್ ಇದೆ, ಒಂದು ಉಗುರಿನಷ್ಟು ಉದ್ದದ್ದು ಇದೆ. ಎರಡಕ್ಕೂ ಕೂರುವುದಿಲ್ಲ. ಸ್ವಲ್ಪ ಒತ್ತಿದರೆ ಹೋಗುತ್ತದೆಯೇ?

ಹಳೇ ಮದರ್‌ಬೋರ್ಡ್

ಒತ್ತಬೇಡಿ!! ಅದು ಹಳೆಯ ಪಿಸಿಐ. ವಾಪಸ್ ಕೊಡಿ. ಕಾರ್ಡ್ ಸರಿಯಾದದ್ದಾದರೆ ಒತ್ತಡ ಬೇಕು, ಬಲ ಬೇಡ. ಹೆಬ್ಬೆರಳುಗಳಿಂದ ಎರಡೂ ತುದಿಗೆ ಸಮನಾಗಿ ಒತ್ತಿದರೆ “ಕಟ್” ಎಂದು ಕೂರುತ್ತದೆ, ಚಿನ್ನದ ಅಂಚು ಸ್ಲಾಟಿನೊಳಗೆ ಮರೆಯಾಗುತ್ತದೆ. ಆ ಸದ್ದು, ಮರೆಯಾಗುವ ಆ ಅಂಚು, ಈ ಎರಡು ಮಾತ್ರ ನೆನಪಿಡಿ.

ಬನಹಟ್ಟಿ ಲಾಳಿ

ಹಳೆಯ ಕಂಪ್ಯೂಟರ್‌ನಲ್ಲಿ ಆ ಬಿಳಿ ಸ್ಲಾಟ್ ಇರುತ್ತದಲ್ಲವೇ? ಆ ಕಾರ್ಡನ್ನು ಅದಕ್ಕೇ ಹಾಕಿದರೆ ಹೊಸದರ ಉಸಾಬರಿಯೇ ಬೇಡ.

ಘಟಪ್ರಭಾ ದಂಡೆ

ಇದೆ, ಎರಡು ಬಿಳಿ ಸ್ಲಾಟ್ ಇವೆ. ಆದರೆ ಅದರ ಹಾರ್ಡ್ ಡಿಸ್ಕ್ ಗಿರಣಿಯಂತೆ ಸದ್ದು ಮಾಡುತ್ತಿದೆ. ಹಂಗಾಮಿನ ಮಧ್ಯದಲ್ಲಿ ನಿಂತರೆ ಅಪ್ಪ ನನ್ನನ್ನೇ ಕಾಟಾ ಮೇಲೆ ನಿಲ್ಲಿಸುತ್ತಾರೆ.

ಸೆಕ್ಟರ್ ಅಕ್ಕ

ಟೆಸ್ಟರ್ ದೀಪದ ಮಾತು ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ನಿಮ್ಮ ಕಾಟಾ ಕೋಣೆಗೆ ಅರ್ಥಿಂಗ್ ಇಲ್ಲ, ಅಥವಾ ಇದ್ದೂ ಸತ್ತಿದೆ. ಎಸ್‌ಎಂಪಿಎಸ್ ಒಳಗೆ ಗದ್ದಲ ಸೋಸುವ ಪುಟ್ಟ ಕೆಪಾಸಿಟರ್‌ಗಳಿವೆ. ಅವು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕ್ಯಾಬಿನೆಟ್‌ಗೆ ಜೋಡಿಸಿರುತ್ತವೆ, ಸೋರಿಕೆ ಅರ್ಥ್ ತಂತಿಯಲ್ಲಿ ಹರಿದುಹೋಗಲಿ ಎಂದು. ಅರ್ಥ್ ಇಲ್ಲದಿದ್ದರೆ ಆ ಡಬ್ಬಿ 230 ವೋಲ್ಟ್‌ನ ಹೆಚ್ಚುಕಡಿಮೆ ಅರ್ಧದಲ್ಲಿ ತೂಗಾಡುತ್ತಿರುತ್ತದೆ. ಕರೆಂಟ್ ಅತ್ಯಲ್ಪ, ನಿಮಗೆ ಜುಮ್ ಎನ್ನುತ್ತದೆ. ಆದರೆ ಅದೇ ಡಬ್ಬಿಯಿಂದ ಕೇಬಲ್ ಎಳೆದು ಇಂಡಿಕೇಟರ್‌ಗೆ ಚುಚ್ಚುವಾಗ ನೆಲದ ಪಿನ್‌ಗಿಂತ ಮೊದಲು ದತ್ತಾಂಶದ ಪಿನ್ ತಾಗಿದರೆ ಆ ಹೊಡೆತವನ್ನೆಲ್ಲ ಪೋರ್ಟಿನ ಹಿಂದಿನ ಪುಟ್ಟ ಚಿಪ್ ತಿನ್ನುತ್ತದೆ.

ಸಿಡಿಲು ಕೊಂದದ್ದು ನಿಜವೇ ಇರಬಹುದು. ಆದರೆ ಅರ್ಥಿಂಗ್ ಇಲ್ಲದ ಕಡೆ ಸಿಡಿಲೇ ಬೇಕೆಂದಿಲ್ಲ. ಹೊಸ ಕಾರ್ಡ್ ಹಾಕಿದರೂ ಇದೇ ಗತಿ. ಮೊದಲು ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಅಲ್ಲಿಯವರೆಗೆ ಎರಡೂ ಕಡೆ ಸ್ವಿಚ್ ಆರಿಸದೆ ಕೇಬಲ್ ಹಾಕುವುದು, ಕೀಳುವುದು ಬೇಡ.

ಏಳು ಪ್ರತಿಧ್ವನಿ

ಅರ್ಥಿಂಗ್. ಅರ್ಥಿಂಗ್. ಅರ್ಥಿಂಗ್. ಇನ್ನು ನಾಲ್ಕು ಸಲ ನೀವೇ ಹೇಳಿಕೊಳ್ಳಿ.

ಹಳೇ ಮದರ್‌ಬೋರ್ಡ್

ಅಕ್ಕ ಹೇಳಿದ್ದು ಅಕ್ಷರಶಃ ನಿಜ. ನಾನು ಸಿಡಿಲಿನ ಮೇಲೆ ಹಾಕಿ ಸುಮ್ಮನಾಗಿದ್ದೆ, ಮೊದಲ ಬರಹದಲ್ಲೇ ಇದ್ದ ಮಾತು ಕಣ್ಣಿಗೆ ಬೀಳಲಿಲ್ಲ. ನಮ್ಮ ಕಡೆ ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅರ್ಥಿಂಗ್ ಕೊಳವೆಯ ಸುತ್ತ ಮಣ್ಣೇ ಇರುವುದಿಲ್ಲ, ಬರೀ ಗಾಳಿ. ಉಪ್ಪು, ಇದ್ದಿಲು ಹಾಕಿ ವರ್ಷಕ್ಕೆ ನಾಲ್ಕು ಕೊಡ ನೀರು ಹುಯ್ಯುವ ಪುಣ್ಯಾತ್ಮರು ಎಷ್ಟು ಜನ? ಇಂಡಿಕೇಟರ್‌ಗೂ ಕಂಪ್ಯೂಟರ್‌ಗೂ ಒಂದೇ ಅರ್ಥ್ ಇರಲಿ. ಕೇಬಲ್ ಎಷ್ಟು ಉದ್ದ ಇದೆ? ಆರ್‌ಎಸ್-232ಕ್ಕೆ ಹದಿನೈದು ಮೀಟರ್ ಎಂಬುದು ಹಳೆಯ ಲೆಕ್ಕ. ಅದಕ್ಕಿಂತ ಉದ್ದವಿದ್ದರೆ ನಡುವೆ ಆಪ್ಟೊ ಐಸೊಲೇಟರ್ ಡಬ್ಬಿ ಹಾಕಿ. ಅದರಲ್ಲಿ ಸಂದೇಶ ಬೆಳಕಿನ ಮೂಲಕ ದಾಟುತ್ತದೆ, ಹೊಡೆತ ದಾಟುವುದಿಲ್ಲ.

ಕಬ್ಬಿನ ಸೂಲಂಗಿ

ನಮ್ಮ ಬೋರ್‌ವೆಲ್ ಪೆಟ್ಟಿಗೆಯನ್ನು ಮುಟ್ಟಿದರೂ ಜುಮ್ ಎನ್ನುತ್ತದೆ. ಅದೂ ಇದೇ ಏನು?

ಸೆಕ್ಟರ್ ಅಕ್ಕ

ಅದು ಇದಲ್ಲ, ಇದಕ್ಕಿಂತ ಅಪಾಯ. ಮೋಟಾರ್ ಪೆಟ್ಟಿಗೆಯಲ್ಲಿ ತಂತಿಯ ಹೊದಿಕೆ ಹರಿದು ಲೋಹಕ್ಕೆ ತಾಗಿರಬಹುದು, ಅಲ್ಲಿ ಕರೆಂಟ್‌ಗೆ ಮಿತಿ ಇರುವುದಿಲ್ಲ. ದಯವಿಟ್ಟು ಇವತ್ತೇ ತೋರಿಸಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಕಬ್ಬಿನ ಸೂಲಂಗಿ

ಆಯಿತು ತಾಯಿ. ಈಗಲೇ ಫೋನ್ ಮಾಡುತ್ತೇನೆ.

ಟಿಳಕವಾಡಿ ತರಲೆ

ಅಣ್ಣಾ, ಕಾರ್ಡ್ ನಾನು ಕಳುಹಿಸುತ್ತೇನೆ. ಇಲ್ಲಿ ಎಕ್ಸ್-1 ಕಾರ್ಡ್ ಸಿಗುತ್ತದೆ, ಬಸ್ಸಿನ ಪಾರ್ಸೆಲ್‌ಗೆ ಹಾಕಿದರೆ ಸಂಜೆಗೆ ಮುಧೋಳ. ಪರಿವರ್ತಕ ಸಾಕು ಎಂದಿದ್ದೆ, ಕಾಟಾ ಪರಿಸ್ಥಿತಿ ಗೊತ್ತಿರಲಿಲ್ಲ. ಕುಂದಾ ಬೇಕಿದ್ದರೆ ಅದನ್ನೂ ಹಾಕುತ್ತೇನೆ.

ಘಟಪ್ರಭಾ ದಂಡೆ

ಕುಂದಾ ಬೇಡ ಎನ್ನುವುದಿಲ್ಲ. ಬದಲಿಗೆ ಅಮೀನಗಡದ ಕರದಂಟು ಕಳುಹಿಸುತ್ತೇನೆ.

ಹಳೇ ಮದರ್‌ಬೋರ್ಡ್

ಕರದಂಟು ಎಂದರೆ ಗೋಕಾಕದ್ದು.

ಸೆಕ್ಟರ್ ಅಕ್ಕ

ಕಾಕಾ, ವಿಜಯಪುರದಲ್ಲಿ ಕುಳಿತು ಗೋಕಾಕದ ಪರ ವಕಾಲತ್ತು ಏಕೆ? ಕರದಂಟು ಅಮೀನಗಡದ್ದೇ. ಇದರ ಮೇಲೆ ನನ್ನಲ್ಲಿ ಎರಡನೇ ಮಾತಿಲ್ಲ.

ಜಮಖಂಡಿ ಫ್ರೇಮ್

ಹೊಸ ವಿಷಯಕ್ಕೆ ಹೊಸ ಚರ್ಚೆ ತೆರೆಯುವ ಪದ್ಧತಿ ಇದೆ.

ಘಟಪ್ರಭಾ ದಂಡೆ

ನಾಲ್ಕು ದಿನದ ವರದಿ.

ಎಲೆಕ್ಟ್ರಿಷಿಯನ್ ಬಂದರು. ಅರ್ಥಿಂಗ್ ಗುಂಡಿಯ ಮುಚ್ಚಳ ಎತ್ತಿದರೆ ತಂತಿ ಕೊಳವೆಯಿಂದ ಪೂರ್ತಿ ಕಳಚಿ ಪಕ್ಕದಲ್ಲಿ ಮಲಗಿತ್ತು, ಮುಟ್ಟಿದರೆ ಹಸಿರು ಪುಡಿ ಉದುರುತ್ತಿತ್ತು. ಎಷ್ಟು ವರ್ಷದಿಂದಲೋ. ಹೊಸ ಗುಂಡಿ ತೋಡಿಸಿ ಇಂಡಿಕೇಟರ್, ಕಂಪ್ಯೂಟರ್, ಯುಪಿಎಸ್ ಮೂರಕ್ಕೂ ಅದನ್ನೇ ಜೋಡಿಸಿದೆವು. ಈಗ ಟೆಸ್ಟರ್ ಕತ್ತಲೆ.

ಕಾರ್ಡ್ ಬಂತು. ಉಗುರುದ್ದದ ಅಂಚು, ಸರಿಯಾದದ್ದೇ. ಕಂಪ್ಯೂಟರ್ ಮಾರಿದವರನ್ನು ಕೇಳಿದೆ, ಕಾರ್ಡ್ ಹಾಕಿಕೊಳ್ಳಿ, ವಾರಂಟಿ ಹೋಗುವುದಿಲ್ಲ ಎಂದರು. ಪ್ಲಗ್ ಕಿತ್ತೆ. ಸ್ವಿಚ್ ಆರಿಸಿದರೆ ಸಾಲದು, ತಂತಿ ಚುಚ್ಚಿದ್ದರೆ ಬೋರ್ಡಿನಲ್ಲಿ 5 ವೋಲ್ಟ್ ಹರಿಯುತ್ತಲೇ ಇರುತ್ತದೆ ಎಂದು ಹಳೇ ಮದರ್‌ಬೋರ್ಡ್ ಕಾಕಾ ಫೋನಿನಲ್ಲಿ ಹೇಳಿದ್ದರು. ಪವರ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದೆ, ಫ್ಯಾನ್ ಒಮ್ಮೆ ಮಿಸುಕಿ ನಿಂತಿತು. ಪಕ್ಕದ ತಗಡು ತೆಗೆದೆ. ಹಿಂಬದಿಯ ಕಿಂಡಿಯ ಮುಚ್ಚಳಕ್ಕೆ ಸ್ಕ್ರೂ ಇರುತ್ತದೆ ಎಂದುಕೊಂಡಿದ್ದೆ. ಇಲ್ಲ, ಅದು ಕ್ಯಾಬಿನೆಟ್ ತಗಡಿನಲ್ಲೇ ಅರೆಕತ್ತರಿಸಿ ಬಿಟ್ಟಿರುವ ಪಟ್ಟಿ. ಸ್ಕ್ರೂ ಡ್ರೈವರ್ ತೂರಿಸಿ ಹಿಂದೆ ಮುಂದೆ ಬಗ್ಗಿಸಿದೆ, ಆರನೇ ಸಲಕ್ಕೆ ಕಿತ್ತು ಬಂತು, ಜೊತೆಗೆ ತೋರುಬೆರಳಿನ ತುದಿಯನ್ನೂ ಸೀಳಿತು. ಅಂಚು ಬ್ಲೇಡಿನಂತಿದೆ, ಯಾರಾದರೂ ಮಾಡುವುದಿದ್ದರೆ ಬಟ್ಟೆ ಸುತ್ತಿಕೊಳ್ಳಿ.

ಕಾರ್ಡ್ ಇಡಲು ಹೋದರೆ ಅದರ ಕಬ್ಬಿಣದ ಪಟ್ಟಿ ಗೇಣುದ್ದ, ನಮ್ಮ ಕ್ಯಾಬಿನೆಟ್ ಅದಕ್ಕಿಂತ ಗಿಡ್ಡ! ಈಗೇನು ಮಾಡಲಿ? ಪಟ್ಟಿ ತೆಗೆದು ಹಾಗೆಯೇ ಕೂರಿಸಲೇ?

ಟಿಳಕವಾಡಿ ತರಲೆ

ಪಟ್ಟಿ ಇಲ್ಲದೆಯೂ ನಡೆಯುತ್ತದೆ. ವಿದ್ಯುತ್ ಸಂಪರ್ಕ ಸ್ಲಾಟಿನಲ್ಲಿ ಆಗುತ್ತದೆ, ಪಟ್ಟಿಯಲ್ಲಿ ಅಲ್ಲ.

ಹಳೇ ಮದರ್‌ಬೋರ್ಡ್

ನಡೆಯುತ್ತದೆ, ಕೇಬಲ್ ಎಳೆಯುವವರೆಗೆ. ಆ ಒಂಬತ್ತು ಪಿನ್ನಿನ ಕೇಬಲ್ ಬೆರಳು ದಪ್ಪ ಇರುತ್ತದೆ, ಸ್ಕ್ರೂ ಬಿಗಿಯುವಾಗ ಕಾರ್ಡ್ ಸ್ಲಾಟಿನಿಂದ ಕೂದಲೆಳೆಯಷ್ಟು ಎದ್ದರೂ ಮುಗಿಯಿತು. ಪೆಟ್ಟಿಗೆಯಲ್ಲಿ ಗಿಡ್ಡ ಪಟ್ಟಿ ಇನ್ನೊಂದು ಇರಲೇಬೇಕು, ಸಾಮಾನ್ಯವಾಗಿ ಎರಡನ್ನೂ ಕೊಡುತ್ತಾರೆ. ಹುಡುಕಿ.

ಟಿಳಕವಾಡಿ ತರಲೆ

ಹೌದು, ಪೆಟ್ಟಿಗೆಯ ತಳದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಇತ್ತು, ನಾನೇ ನೋಡಿದ್ದೆ.

ಘಟಪ್ರಭಾ ದಂಡೆ

ಪೆಟ್ಟಿಗೆಯನ್ನು ಕೆಲಸದ ಹುಡುಗ ಬೆಳಗ್ಗೆ ನೀರು ಕಾಯಿಸುವ ಒಲೆಗೆ ಹಾಕಿದ್ದಾನೆ. ಬೂದಿ ಕೆದಕಿ ಬರುತ್ತೇನೆ.

ಏಳು ಪ್ರತಿಧ್ವನಿ

ಈ ಚರ್ಚೆಗಾಗಿ ನಾನು ಸ್ನಾನ ಮುಂದೂಡಿದ್ದೇನೆ.

ಘಟಪ್ರಭಾ ದಂಡೆ

ಸಿಕ್ಕಿತು. ಕಪ್ಪಾಗಿದೆ, ಬಗ್ಗಿಲ್ಲ. ತೊಳೆದು ಒರೆಸಿ, ಕಾರ್ಡಿನ ಷಟ್ಕೋನದ ಎರಡು ನಟ್ ಬಿಚ್ಚಿ ಪಟ್ಟಿ ಬದಲಿಸಿದೆ. ಹೆಬ್ಬೆರಳಿನಿಂದ ಒತ್ತಿದೆ, “ಕಟ್” ಎಂದಿತು. ನಿಜಕ್ಕೂ ಅದೇ ಸದ್ದು, ಕಾಕಾ. ಸ್ಕ್ರೂ ಒಮ್ಮೆ ಬೋರ್ಡಿನ ಕೆಳಗೆ ಜಾರಿತು, ಇಡೀ ಕ್ಯಾಬಿನೆಟ್ ತಲೆಕೆಳಗು ಮಾಡಿ ಜೋಳಿಗೆಯಂತೆ ಅಲ್ಲಾಡಿಸಿದ ಮೇಲೆ ಹೊರಗೆ ಬಂತು.

ಚಾಲೂ ಮಾಡಿದೆ. ಡ್ರೈವರ್ ಒಂದು ಪುಟ್ಟ ಸಿಡಿಯಲ್ಲಿದೆ, ಈ ಕಂಪ್ಯೂಟರ್‌ಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ಫೋನಿನ ಇಂಟರ್ನೆಟ್ ಜೋಡಿಸಿ ಬಿಟ್ಟೆ, ಐದು ನಿಮಿಷದಲ್ಲಿ ವಿಂಡೋಸ್ ತಾನೇ ಹುಡುಕಿಕೊಂಡಿತು. ಈಗ ಡಿವೈಸ್ ಮ್ಯಾನೇಜರ್‌ನಲ್ಲಿ ಎರಡು ಪೋರ್ಟ್ ಕಾಣುತ್ತಿವೆ: ಕಾಮ್ 1 ಮತ್ತು ಕಾಮ್ 5. ತಂತ್ರಾಂಶದಲ್ಲಿ 1ರಿಂದ 4 ಮಾತ್ರ ಆಯ್ಕೆ ಇದೆ. ಖುಷಿಯಿಂದ 1 ಎಂದು ಕೊಟ್ಟೆ. ತೂಕ ಬರುತ್ತಿಲ್ಲ.

ಸೆಕ್ಟರ್ ಅಕ್ಕ

ಕಾಮ್ 1 ನಿಮ್ಮ ಕಾರ್ಡ್ ಅಲ್ಲ! ಬೋರ್ಡಿನ ಕೆಳ ಅಂಚಿನಲ್ಲಿ “ಕಾಮ್” ಎಂದು ಅಚ್ಚಾಗಿರುವ ಒಂಬತ್ತು ಪಿನ್ನಿನ ಗುಂಪು ಇದೆಯೇ ನೋಡಿ. ಹಿಂದೆ ಪೋರ್ಟ್ ಕೊಡದಿದ್ದರೂ ಬೋರ್ಡಿನಲ್ಲಿ ಆ ಪಿನ್‌ಗಳನ್ನು ಬಿಟ್ಟಿರುತ್ತಾರೆ, ವಿಂಡೋಸ್ ಅದನ್ನೇ ಕಾಮ್ 1 ಎನ್ನುತ್ತಿದೆ. ಕಾಮ್ 5ರ ಗುಣಗಳಲ್ಲಿ ಅಡ್ವಾನ್ಸ್ಡ್ ಒತ್ತಿ ಸಂಖ್ಯೆಯನ್ನು 2 ಎಂದು ಬದಲಿಸಿ.

ಜಮಖಂಡಿ ಫ್ರೇಮ್

ಹಾಗಾದರೆ ಬೋರ್ಡಿನಲ್ಲೇ ಪೋರ್ಟ್ ಇತ್ತು ಎಂದಾಯಿತು, ಒಂದು ತಂತಿ ತಂದು ಚುಚ್ಚಿದ್ದರೆ ಸಾಕಿತ್ತಲ್ಲವೇ? ಇಷ್ಟು ದಿನ ಯಾರೂ ಹೇಳಲಿಲ್ಲ!

ಸೆಕ್ಟರ್ ಅಕ್ಕ

ಮೊದಲೇ ಕೇಳಬೇಕಿತ್ತು, ನನ್ನ ತಪ್ಪು. ಆದರೆ ಅಷ್ಟು ಸುಲಭವೂ ಅಲ್ಲ. ಆ ತಂತಿಗಳಲ್ಲಿ ಎರಡು ಬಗೆಯ ಜೋಡಣೆ ಇವೆ, ನೋಡಲು ಒಂದೇ ರೀತಿ. ಬೇರೆ ಬಗೆಯದು ಬಂದರೆ ಪಿನ್ನುಗಳೆಲ್ಲ ಅದಲು ಬದಲು. ಮತ್ತೆ ಇನ್ನೊಂದು: ಕಾರ್ಡಿಗೆ ಹೊಡೆತ ಬಿದ್ದರೆ ಹೋಗುವುದು ಹೆಚ್ಚಾಗಿ ಕಾರ್ಡ್. ಬೋರ್ಡಿನ ಪೋರ್ಟಿಗೆ ಬಿದ್ದರೆ ಬೋರ್ಡೇ ದುರಸ್ತಿಗೆ ಹೋಗಬೇಕು.

ಹಳೇ ಮದರ್‌ಬೋರ್ಡ್

ಸಂಖ್ಯೆಯ ಜಗಳ ಹೊಸದಲ್ಲ. ನಮ್ಮ ಕಾಲದಲ್ಲಿ ಕಾರ್ಡಿನ ಮೇಲೆ ಜಂಪರ್ ಎಂಬ ಪುಟ್ಟ ಟೋಪಿಗಳು. ಕಾಮ್ 1 ಮತ್ತು 3 ಎರಡಕ್ಕೂ ಪ್ರೊಸೆಸರನ್ನು ಕರೆಯುವ ಗಂಟೆ ಒಂದೇ, ಇಂಟರಪ್ಟ್ 4, ಕಾಮ್ 2 ಮತ್ತು 4ಕ್ಕೆ ಇಂಟರಪ್ಟ್ 3. ಸ್ಟೇಷನ್ ರಸ್ತೆಯ ಒಬ್ಬ ವಕೀಲರಿಗೆ ಒಳಗೆ ಕೂರಿಸುವ ಮೋಡೆಮ್ ಹಾಕಿಕೊಟ್ಟಿದ್ದೆ. ಮೌಸ್ ಕಾಮ್ 1ರಲ್ಲಿ, ಮೋಡೆಮ್ ಕಾಮ್ 3ರಲ್ಲಿ. ಅವರು ಇಂಟರ್ನೆಟ್‌ಗೆ ಡಯಲ್ ಮಾಡಿದ ಕೂಡಲೇ ಮೌಸ್ ಕಲ್ಲಾಗುತ್ತಿತ್ತು. ಮೌಸ್ ಅಲ್ಲಾಡಿಸಲು ಹೋದರೆ ಸಂಪರ್ಕ ಕಡಿಯುತ್ತಿತ್ತು. ಮೂರು ಸಲ ಕರೆಸಿಕೊಂಡು, ನಾಲ್ಕನೆಯ ಸಲ ನೋಟಿಸ್ ಕಳುಹಿಸುತ್ತೇನೆ ಎಂದರು. ಒಂದು ಟೋಪಿ ಪಕ್ಕಕ್ಕೆ ಸರಿಸಿದೆ, ಚಹಾ ಕುಡಿಸಿದರು.

ಘಟಪ್ರಭಾ ದಂಡೆ

ಸಂಖ್ಯೆ 2 ಮಾಡಿದೆ. ಈಗ ತೂಕದ ಜಾಗದಲ್ಲಿ ಏನೋ ಬರುತ್ತಿದೆ, ಆದರೆ ಅಂಕಿಗಳಲ್ಲ. ಪ್ರಶ್ನಾರ್ಥಕ ಚಿಹ್ನೆ, ಚೌಕಗಳು, ಒಂದು ಹೃದಯದ ಗುರುತು.

ಟಿಳಕವಾಡಿ ತರಲೆ

ಇಂಡಿಕೇಟರ್‌ಗೆ ನಿಮ್ಮ ಮೇಲೆ ಮನಸ್ಸಾಗಿದೆ.

ಇರಲಿ, ಅದು ವೇಗದ ತಪ್ಪು ಅಣ್ಣಾ. ಇಂಡಿಕೇಟರ್ 2400ರಲ್ಲಿ ಮಾತಾಡುತ್ತಿದ್ದರೆ ಕಂಪ್ಯೂಟರ್ 9600ರಲ್ಲಿ ಕೇಳಿಸಿಕೊಳ್ಳುತ್ತಿದೆ. ತಂತ್ರಾಂಶದಲ್ಲಿ ಬಾಡ್ ದರ, ಅಂದರೆ ಆ ವೇಗ, ಬದಲಿಸಿ ನೋಡಿ: 1200, 2400, 4800. ಆಗಲೂ ಬಾರದಿದ್ದರೆ ಕಾರ್ಡಿನ ಪೋರ್ಟಿಗೆ ಹಾಕಿದ ಕೇಬಲ್ ತೆಗೆದು 2 ಮತ್ತು 3ನೇ ಪಿನ್‌ಗಳನ್ನು ಜೆಮ್ ಕ್ಲಿಪ್‌ನಿಂದ ಜೋಡಿಸಿ, ಪುಟ್ಟಿ (PuTTY) ಎಂಬ ತಂತ್ರಾಂಶದಲ್ಲಿ ಆ ಪೋರ್ಟ್ ತೆರೆದು ಏನಾದರೂ ಒತ್ತಿ. ಒತ್ತಿದ ಅಕ್ಷರವೇ ಮರಳಿ ಬಂದರೆ ಕಾರ್ಡ್ ಸರಿ ಇದೆ.

ಹಳೇ ಮದರ್‌ಬೋರ್ಡ್

ಈ ಹುಡುಗನಿಗೆ ಅಜ್ಜನ ಭಾಷೆ ಚೆನ್ನಾಗಿಯೇ ಬರುತ್ತದೆ.

ಘಟಪ್ರಭಾ ದಂಡೆ

2400!

ಪರದೆಯ ಮೇಲೆ 0 ಬಂತು. ಅಪ್ಪನನ್ನು ಕಾಟಾ ಮೇಲೆ ನಿಲ್ಲಲು ಹೇಳಿದೆ. ಒಂದು ಗೆರೆ 10 ಕೆ.ಜಿ.ಯದ್ದಾದ್ದರಿಂದ 70 ತೋರಿಸಿತು, ಹೊರಗಿನ ಕೆಂಪು ಫಲಕದಲ್ಲಿಯೂ 70. ಅಮ್ಮನೂ ಬಂದು ಪಕ್ಕದಲ್ಲಿ ನಿಂತರು, 130. ಅಪ್ಪ ಇಬ್ಬರ ಚೀಟಿ ಮುದ್ರಿಸಿ ಜೇಬಿಗೆ ಹಾಕಿಕೊಂಡರು. ಪೂರ್ತಿ ಒಂದು ರಾತ್ರಿ ಬಿಟ್ಟೆವು, ಬೋರ್‌ವೆಲ್ ಹತ್ತು ಸಲ ಚಾಲೂ ಮಾಡಿ ನಿಲ್ಲಿಸಿದೆವು, ಒಮ್ಮೆಯೂ ತಪ್ಪಲಿಲ್ಲ. ಐಸೊಲೇಟರ್ ಡಬ್ಬಿಗೂ ಹೇಳಿದ್ದೇನೆ.

ಕಬ್ಬಿನ ಸೂಲಂಗಿ

ನಮ್ಮ ಬೋರ್‌ವೆಲ್ ಪೆಟ್ಟಿಗೆಯಲ್ಲಿ ಇಲಿ ತಂತಿ ಕಡಿದಿತ್ತು. ಅಕ್ಕ ಹೇಳಿದ ಹಾಗೆಯೇ. ಮೊದಲ ಟ್ರಾಲಿ ನಿಮ್ಮ ಕಾಟಾಕ್ಕೇ ತರುತ್ತೇನೆ, ಗುಮಾಸ್ತನನ್ನು ನೋಡಿದ ಹಾಗಾಯಿತು.

ಬನಹಟ್ಟಿ ಲಾಳಿ

ಮುಧೋಳದವರೇ, ನನ್ನದೊಂದು ಕೇಳಿಕೆ. ನಮ್ಮದು ವಿದ್ಯುತ್ ಮಗ್ಗ, ಸೀರೆಯ ಸೆರಗಿನ ಜಕಾರ್ಡ್ ವಿನ್ಯಾಸ ಮಾಡುವ ಹಳೆಯ ತಂತ್ರಾಂಶ ಇದೆ. ಅದರ ಬೀಗ 25 ಪಿನ್ನಿನ ಪ್ಯಾರಲಲ್ ಪೋರ್ಟಿಗೆ ಚುಚ್ಚುವ ಡಾಂಗಲ್. ಯುಎಸ್‌ಬಿ ಪರಿವರ್ತಕ ತಂದೆ, ಅದು ಪ್ರಿಂಟರ್‌ಗೆ ಮಾತ್ರವಂತೆ. ಪ್ಯಾರಲಲ್ ಕಾರ್ಡ್ ಹಾಕಿಸಿದೆ, ತಂತ್ರಾಂಶ ಹುಡುಕುವುದು 378 ಎಂಬ ಹಳೆಯ ವಿಳಾಸ, ಹೊಸ ಕಾರ್ಡ್ ಕೂರುವುದು ಬೇರೆ ವಿಳಾಸದಲ್ಲಿ. ನಿಮ್ಮ ಹಳೆಯ ಕಂಪ್ಯೂಟರ್‌ನ ಪ್ರಿಂಟರ್ ಪೋರ್ಟ್ ಇನ್ನೂ ನಡೆಯುತ್ತದೆಯೇ? ಹೋದದ್ದು ಸೀರಿಯಲ್ ಮಾತ್ರ ತಾನೆ?

ಘಟಪ್ರಭಾ ದಂಡೆ

ಪ್ರಿಂಟರ್ ಪೋರ್ಟ್ ಚೆನ್ನಾಗಿದೆ, ಕೊನೆಯ ದಿನದವರೆಗೂ ಅದರಲ್ಲೇ ಚೀಟಿ ಮುದ್ರಿಸಿದೆವು. ವಿಂಡೋಸ್ ಎಕ್ಸ್‌ಪಿ ಇದೆ. ಹಾರ್ಡ್ ಡಿಸ್ಕ್ ಬದಲಿಸಿಕೊಳ್ಳಿ. ಹಣ ಬೇಡ, ಭಾನುವಾರ ಬಂದು ಒಯ್ಯಿರಿ.

ಬನಹಟ್ಟಿ ಲಾಳಿ

ಬರುತ್ತೇನೆ. ಅಮ್ಮನವರಿಗೆ ಯಾವ ಬಣ್ಣದ ಸೀರೆ ಇಷ್ಟ ಎಂದು ಕೇಳಿ ಇಡಿ.

ಏಳು ಪ್ರತಿಧ್ವನಿ

ಕರದಂಟು ಯಾರಿಗೆ ಬಂತು?

ಟಿಳಕವಾಡಿ ತರಲೆ

ಬಂತು. ಅಮೀನಗಡದ್ದು. ಅರ್ಧ ಪಾರ್ಸೆಲ್ ಖಾಲಿ ಇತ್ತು, ದಾರಿಯಲ್ಲಿ ತೂಕ ಕಡಿಮೆಯಾಗಿದೆ.

ಘಟಪ್ರಭಾ ದಂಡೆ

ಚೀಟಿ ತೆಗೆದಿಟ್ಟಿದ್ದೇನೆ.